ಇಪ್ಪತ್ತು ಕಿಲೋ ಬಿಲ್ಲು

ನನ್ನ ಅಂಗಡಿಯಲ್ಲಿ ಕೆಮ್ಮಿಗೆ, ಹೊಟ್ಟೆನೋವಿಗೆ, ಮಂಡಿನೋವಿಗೆ ಔಷಧಿ ಸಿಗುತ್ತದೆ. ಜಂಬಕ್ಕೆ ಔಷಧಿ ಇಲ್ಲ. ಇದ್ದಿದ್ದರೆ ಮೊದಲ ಬಾಟಲಿ ನಾನೇ ಕುಡಿಯುತ್ತಿದ್ದೆ, ಇಷ್ಟೆಲ್ಲ ರಂಪ ಆಗುತ್ತಿರಲಿಲ್ಲ.

ನನ್ನ ಹೆಸರು ಇಸಾಕು, ವಯಸ್ಸು ಐವತ್ತೆಂಟು. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಹಿವಾತಾರಿಯ ಪೇಟೆ ಬೀದಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಮಾತ್ರೆ ಎಣಿಸುತ್ತೇನೆ. ಉಳಿದ ಒಂದು ದಿನ, ಏಪ್ರಿಲ್ ತಿಂಗಳ ಎರಡನೇ ಭಾನುವಾರ, ನಾನು ಸಮುರಾಯಿ. ನಾನೂರು ವರ್ಷದ ಹಿಂದೆ ನಮ್ಮೂರ ಹೊಳೆಯ ದಂಡೆಯಲ್ಲಿ ಆದ ಯುದ್ಧವನ್ನು ಅವತ್ತು ಕವಚ ತೊಟ್ಟು ಮತ್ತೆ ಆಡುತ್ತೇವೆ. ಆ ಯುದ್ಧದಲ್ಲಿ ನಮ್ಮ ಕಡೆಯವರು ಸೋತಿದ್ದರು. ಹಾಗಾಗಿ ಪ್ರತಿ ವರ್ಷವೂ ಸೋಲುತ್ತೇವೆ, ಅದಕ್ಕೆ ಯಾರಿಗೂ ಬೇಜಾರಿಲ್ಲ. ಸೋಲುವುದಕ್ಕೆ ಮುಂಚೆ ಬಿಲ್ಲಿನವರ ಸಾಲು ಮೂರು ಸುತ್ತು ಬಾಣ ಬಿಡಬೇಕು. ಆ ಸಾಲಿನಲ್ಲಿ ನಾನು ಎಡದಿಂದ ಎರಡನೆಯವನು.

ಎಡದಿಂದ ಮೊದಲನೆಯವನು ಕುನಿಮಾತ್ಸು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಇದ್ದಿಲ ಮೇಲೆ ಕೋಳಿ ಸುಟ್ಟು ಮಾರುತ್ತಾನೆ. ಅವನ ತೋಳು ನನ್ನ ತೊಡೆಯಷ್ಟು ದಪ್ಪ. ಇಪ್ಪತ್ತೆರಡು ವರ್ಷದಿಂದ ಅವನು ಒಂದು, ನಾನು ಎರಡು. ನಮ್ಮೂರಲ್ಲಿ ಗಂಡಸರು ಒಬ್ಬರಿಗೊಬ್ಬರು ಸಂಬಳ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ‘ನಿಮ್ಮ ಬಿಲ್ಲು ಎಷ್ಟು ಕಿಲೋ?’ ಎಂದು ಕೇಳುತ್ತಾರೆ. ಬಿಲ್ಲನ್ನು ಪೂರ್ತಿ ಎಳೆದಾಗ ಬೆರಳಿಗೆ ಬೀಳುವ ಭಾರ ಅದು. ಕೇಳಿದವನಿಗೆ ಒಂದೆರಡು ಕಿಲೋ ಸೇರಿಸಿ ಹೇಳುವುದು ನಮ್ಮಲ್ಲಿ ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ, ಮರ್ಯಾದೆಯ ಲೆಕ್ಕಕ್ಕೆ ಬರುತ್ತದೆ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ನಾವಿಬ್ಬರೂ ಹೊಸ ಹೆದೆ ತರಲು ಗೆನ್‌ಪಾಚಿಯವರ ಮನೆಗೆ ಹೋಗಿದ್ದೆವು. ನಮ್ಮ ಸಾಲಿನ ಬಿಲ್ಲುಗಳನ್ನೆಲ್ಲ ಮಾಡಿಕೊಟ್ಟವರು ಅವರೇ. ಎಂಬತ್ತೊಂದು ವಯಸ್ಸು, ಮಾತು ಕಮ್ಮಿ, ಆಡಿದ್ದೆಲ್ಲ ಬೈಗುಳ. ಅವತ್ತು ಒಲೆಯ ಪಕ್ಕ ಕೂತು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು.

“ಬಿಲ್ಲು ಕಟ್ಟೋವಾಗ ಬೆಣೆ ಎಷ್ಟು ಬಿಗಿ ಅಂತ ಈ ಬೆರಳಿಗೆ ಗೊತ್ತಾಗ್ತಿಲ್ಲ,” ಎಂದರು. ಆಮೇಲೆ ಮಗಳ ಕಡೆ ತಿರುಗಿದರು. “ಶಿನೊ, ಈ ಚಳೀಲಿ ಬಿಲ್ಲು ನೀನೊಬ್ಬಳೇ ಮಾಡು. ನಾನು ಕೈ ಹಾಕಲ್ಲ. ಪಳಗಿದ ಮೇಲೆ ನೋಡ್ತೀನಿ. ಸರಿಯಾಗಿದ್ರೆ ಮುದ್ರೆ ನಿಂದು. ಇಲ್ಲಾಂದ್ರೆ ನಾನು ಸತ್ತಾಗ ಅದನ್ನೂ ನನ್ನ ಜತೆ ಹೂತುಬಿಡಿ.”

ಮುದ್ರೆ ಎಂದರೆ ಗೋಡೆಗೆ ನೇತುಹಾಕಿದ್ದ ಒಂದು ಗೇಣುದ್ದದ ಕಬ್ಬಿಣ. ಅದನ್ನು ಕಾಯಿಸಿ ಬಿಲ್ಲಿನ ಕೆಳತುದಿಗೆ ಒತ್ತಿದರೆ ಮನೆತನದ ಗುರುತು ಮೂಡುತ್ತದೆ. ನಾಲ್ಕು ತಲೆಮಾರಿನದು. ಶಿನೊಗೆ ಮೂವತ್ತನಾಲ್ಕು. ಹದಿನೆಂಟನೇ ವಯಸ್ಸಿನಿಂದ ಬಿದಿರು ಸೀಳುತ್ತಾ, ಹೊಗೆ ಹಾಕುತ್ತಾ, ಅಂಟು ಕಾಯಿಸುತ್ತಾ ಅಪ್ಪನ ಬಿಲ್ಲುಗಳಿಗೆ ದುಡಿದವಳು. ಅವಳ ಹೆಸರಲ್ಲಿ ಒಂದು ಬಿಲ್ಲೂ ಇರಲಿಲ್ಲ. ಅವಳು ಮುದ್ರೆಯ ಕಡೆ ನೋಡಲಿಲ್ಲ, ನೆಲ ನೋಡಿದಳು. ಕಿವಿ ಮಾತ್ರ ಕೆಂಪಾಗಿತ್ತು.

“ಯಾರ ಕೈಗೆ ಮಾಡ್ಲಿ ಅಪ್ಪ?”

“ಅಲ್ಲಿ ಎರಡು ಕತ್ತೆ ಕೂತಿವೆಯಲ್ಲ, ಒಂದನ್ನ ಆರಿಸ್ಕೊ.”

ಅವಳು ನಮ್ಮಿಬ್ಬರನ್ನೂ ನೋಡಿದಳು. “ಇಸಾಕು-ಸಾನ್ ಆಗ್ಲಿ. ಔಷಧಿ ತೂಗೋ ಕೈ, ತಾಳ್ಮೆ ಇರುತ್ತೆ. ಹೊಸ ಬಿಲ್ಲು ಪಳಗಿಸೋಕೆ ಅಂಥವ್ರೇ ಬೇಕು.”

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕುನಿಮಾತ್ಸುವನ್ನು ಬಿಟ್ಟು ನನ್ನನ್ನು ಆರಿಸಿದ್ದರು. ಎದೆ ಉಬ್ಬಿತು. ಉಬ್ಬಿದ ಎದೆಗೆ ಬುದ್ಧಿ ಇರುವುದಿಲ್ಲ.

“ನಿಮಗೆ ಎಷ್ಟು ಕಿಲೋ ಬೇಕು?” ಎಂದು ಶಿನೊ ಕೇಳಿದಳು.

ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಕುನಿಮಾತ್ಸು, “ನಂದು ಹದಿನೆಂಟು, ಗೊತ್ತಲ್ಲ,” ಎಂದು ಹಲ್ಲು ಕಿರಿದ.

“ಇಪ್ಪತ್ತು,” ಎಂದಿತು ನನ್ನ ಬಾಯಿ.

“ಲೋ ಇಸಾಕು! ಇಪ್ಪತ್ತು ಕಿಲೋ ಅಕ್ಕಿ ಮೂಟೆ ಒಳಗಿಡೋಕೆ ನನ್ನ ಕರೀತೀಯಲ್ಲೋ!”

“ಎತ್ತೋದು ಬೇರೆ, ಎಳೆಯೋದು ಬೇರೆ. ಎಳೆಯೋದು ವಿದ್ಯೆ.”

ಶಿನೊ ನಗಲಿಲ್ಲ. “ಇಸಾಕು-ಸಾನ್, ಸರಿಯಾಗಿ ಯೋಚ್ನೆ ಮಾಡಿ ಹೇಳಿ. ನಾನು ಬಿದಿರು ಆರಿಸೋದೇ ಈ ಮಾತಿನ ಮೇಲೆ.”

ತಿದ್ದಿಕೊಳ್ಳಲು ಬಾಗಿಲು ಪೂರ್ತಿ ತೆರೆದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಂಗಡಿಗೆ ಬಂದವರಿಗೆಲ್ಲ ಬುದ್ಧಿ ಹೇಳುವವನು ನಾನು. “ಯೋಚ್ನೆ ಏನು ಬಂತು, ಇಪ್ಪತ್ತೇ,” ಎಂದೆ.

ಆ ಚಳಿಗಾಲ ಅವಳು ಒಂದೇ ಬಿದಿರಿನ ರಾಶಿಯಿಂದ ಮೂರು ಬಿಲ್ಲು ಕಟ್ಟಿದಳು. ನನ್ನದನ್ನು ಕಟ್ಟುವ ದಿನ ನೋಡಲು ಹೋಗಿದ್ದೆ. ಬಿದಿರು, ಮರ, ಮತ್ತೆ ಬಿದಿರು. ನಡುವೆ ಬಿಸಿ ಅಂಟು. ಮೇಲಿಂದ ಹಗ್ಗ ಸುತ್ತಿ, ಹಗ್ಗದೊಳಗೆ ನೂರಕ್ಕೂ ಹೆಚ್ಚು ಬೆಣೆ ಬಡಿದು, ಅಂಟು ಆರುವುದರೊಳಗೆ ಇಡೀ ಬಿಲ್ಲನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಬೇಕು. ಅಂಥ ಚಳಿಯಲ್ಲೂ ಅವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಮುದುಕ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಎದ್ದು ಬಂದು ಸಹಾಯ ಮಾಡಿಬಿಡುತ್ತೇನೋ ಎಂದು ತಮಗೇ ಹೆದರಿಕೆ.

ಬೇಸಿಗೆಯೆಲ್ಲ ಬಿಲ್ಲಿಗೆ ವಿಶ್ರಾಂತಿ. ಅಕ್ಟೋಬರಿನಲ್ಲಿ ಅದಕ್ಕೆ ಹೆದೆಯೇರಿಸಿ ಎರಡೂ ಕೈಯಿಂದ ನನಗೆ ಕೊಟ್ಟಳು.

“ಮೊದಲ ಎರಡು ತಿಂಗಳು ಅರ್ಧಕ್ಕೆ ಎಳೀರಿ. ಆಮೇಲೆ ಮುಕ್ಕಾಲು. ಹೊಸ ವರ್ಷದ ಹಬ್ಬ ಕಳೆದ ಮೇಲೆ ಪೂರ್ತಿ, ದಿನಾ ಇಪ್ಪತ್ತು ಸಲ. ಪೂರ್ತಿ ಅಂದ್ರೆ ಪೂರ್ತಿ, ಬಲಗೈ ಕಿವಿ ದಾಟಿ ಹಿಂದಕ್ಕೆ ಬರ್ಬೇಕು. ಅರ್ಧಂಬರ್ಧ ಎಳೆದ್ರೆ ಬಿಲ್ಲಿನ ತುದಿಗಳಿಗೆ ಕೆಲ್ಸಾನೇ ಸಿಗಲ್ಲ, ಮಲಗಿಬಿಡ್ತವೆ.”

“ಅಷ್ಟೂ ಗೊತ್ತಿಲ್ವಾ ನನಗೆ?”

“ಗೊತ್ತು. ಆದ್ರೂ ಹೇಳ್ತೀನಿ. ಪಳಗೋವರೆಗೂ ಇದನ್ನ ಇನ್ನೊಬ್ರ ಕೈಗೆ ಕೊಡೋ ಹಾಗಿಲ್ಲ. ನಾನೂ ಎಳೆಯೋ ಹಾಗಿಲ್ಲ, ಚಾಕು ತಾಗಿಸೋ ಹಾಗಿಲ್ಲ. ಅದು ಹೇಗಿದೆ ಅಂತ ನನಗೆ ಗೊತ್ತಾಗೋದು ನಿಮ್ಮ ಬಾಯಿಂದ ಮಾತ್ರ.”

ಅರ್ಧಕ್ಕೆ ಎಳೆದ ಎರಡು ತಿಂಗಳು ನಾನೇ ರಾಜ. ಅಂಗಡಿಯ ಹಿಂದಿನ ಅಂಗಳದಲ್ಲಿ ಬೆಳಿಗ್ಗೆ ಎದ್ದು ಎಳೆಯುವುದು, ಪಕ್ಕದ ಮನೆಯವರು ನೋಡಲಿ ಎಂದು ಸ್ವಲ್ಪ ಕೆಮ್ಮುವುದು. ಮುಕ್ಕಾಲು ಶುರುವಾದ ಮೇಲೆ ಕೆಮ್ಮುವುದಕ್ಕೂ ಉಸಿರು ಉಳಿಯಲಿಲ್ಲ. ಭುಜಕ್ಕೆ ಅಂಗಡಿಯ ನೋವಿನ ಪಟ್ಟಿ ಅಂಟಿಸಿಕೊಳ್ಳತೊಡಗಿದೆ. ಮೊದಲು ಒಂದು, ಆಮೇಲೆ ಮೂರು.

“ರೀ,” ಎಂದಳು ನನ್ನ ಹೆಂಡತಿ ನಾತ್ಸುಕೊ ಒಂದು ದಿನ, “ನೋವಿನ ಪಟ್ಟಿ ಖಾಲಿ ಆಗ್ತಿದೆ, ತಗೊಂಡ ಗಿರಾಕಿ ಮಾತ್ರ ಕಾಣ್ತಿಲ್ಲ.”

“ಚಳಿ ಅಲ್ವಾ, ಊರಿಗೆಲ್ಲ ನೋವು.”

“ಊರಿಗೆಲ್ಲ ಇರೋ ನೋವಿನ ವಾಸನೆ ನಮ್ಮ ಹಾಸಿಗೇಲಿ ಯಾಕೆ ಬರುತ್ತೆ?”

ಹೊಸ ವರ್ಷದ ಹಬ್ಬ ಮುಗಿಯಿತು. ಅಕ್ಕಿಯುಂಡೆಯ ಸಾರು ಮೂರು ಬಟ್ಟಲು ಕುಡಿದು, ಅಂಗಳಕ್ಕೆ ಇಳಿದು, ಬಿಲ್ಲು ಎತ್ತಿ ಪೂರ್ತಿ ಎಳೆದೆ. ಎಳೆದೆ ಎಂದುಕೊಂಡೆ. ಬಲಗೈ ಗದ್ದದ ಹತ್ತಿರ ಬಂದು ನಿಂತುಬಿಟ್ಟಿತು. ಎಡಗೈ ನಡುಗಿತು, ಮಂಡಿ ನಡುಗಿತು, ಬಿಲ್ಲು ಮಾತ್ರ ನಡುಗಲಿಲ್ಲ. ನಾನು ಬಿಲ್ಲನ್ನು ಎಳೆಯುತ್ತಿರಲಿಲ್ಲ. ಬಿಲ್ಲು ನನ್ನನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಮರುದಿನವೂ ಅಷ್ಟೇ, ಹದಿನೈದು ದಿನ ಬಿಟ್ಟೂ ಅಷ್ಟೇ. ಕೈ ಕಿವಿಯ ಹತ್ತಿರ ಹೋಗಲೊಲ್ಲದು.

ಆಗ ಶಿನೊಳ ಮನೆಗೆ ಹೋಗಿ ‘ತಪ್ಪಾಯ್ತಮ್ಮ, ಇದು ನನ್ನ ಕೈಲಾಗದು’ ಎನ್ನಬೇಕಿತ್ತು. ಒಂದು ವಾಕ್ಯ. ಅದನ್ನು ಹೇಳುವ ಬದಲು ನಾನು ಏನು ಮಾಡಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಬಾಣ ಕತ್ತರಿಸಿದೆ.

ಬಿಲ್ಲನ್ನು ಕಮ್ಮಿ ಎಳೆದರೆ ಬಾಣದ ಮೊನೆ ಎಡಮುಷ್ಟಿಯ ಆಚೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕುರುಡನಿಗೂ ಕಾಣುತ್ತದೆ, ಇವನು ಪೂರ್ತಿ ಎಳೆದಿಲ್ಲ ಎಂದು. ಅದಕ್ಕೆ ನನ್ನ ಆರೂ ಬಾಣಗಳ ಮೊನೆ ತೆಗೆದು, ಎಂಟೆಂಟು ಬೆರಳು ಕತ್ತರಿಸಿ, ಮೊನೆಯನ್ನು ಮತ್ತೆ ಕೂರಿಸಿದೆ. ಈಗ ಗದ್ದದವರೆಗೆ ಎಳೆದರೂ ಮೊನೆ ಮುಷ್ಟಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಉಳಿದದ್ದು ಕಿವಿಯ ಸಮಸ್ಯೆ. ಕೈ ಕಿವಿಗೆ ಬರದಿದ್ದರೆ ಕಿವಿಯೇ ಕೈಯ ಹತ್ತಿರ ಹೋಗಬೇಕು ತಾನೆ? ಎಳೆಯುವಾಗ ಮೂತಿ ಮುಂದೆ ಚಾಚುವುದನ್ನು ಕನ್ನಡಿ ಮುಂದೆ ನಿಂತು ಕಲಿತೆ. ಅಭ್ಯಾಸದ ಮನೆಯಲ್ಲಿ ಎಲ್ಲರೂ ನನ್ನನ್ನು ನೋಡಿ, ಇಪ್ಪತ್ತು ಕಿಲೋ ಎಂದರೆ ಮುಖಭಾವವೇ ಬೇರೆ ಎಂದು ತಲೆದೂಗಿದರು.

ಭಾನುವಾರ ಭಾನುವಾರ ಶಿನೊಗೆ ವರದಿ ಒಪ್ಪಿಸಲು ಹೋಗುತ್ತಿದ್ದೆ. ಅವಳು ಚಹಾ ಇಟ್ಟು, ಉಪ್ಪಿನಲ್ಲಿಟ್ಟ ಮೂಲಂಗಿ ಹೆಚ್ಚಿಕೊಟ್ಟು, ಎದುರು ಮಂಡಿಯೂರಿ ಕೂರುತ್ತಿದ್ದಳು.

“ಕೊನೇಲಿ ಹೇಗಿದೆ? ಕೈ ಕಿವಿ ದಾಟೋವಾಗ?”

ಕಿವಿ ದಾಟಿದ್ದರೆ ತಾನೆ ಹೇಳುವುದು! “ಕೊನೇಲಿ ಸ್ವಲ್ಪ ಬಿಗಿ,” ಎಂದೆ. “ಒಂದು ಗೋಡೆ ಸಿಕ್ಕ ಹಾಗೆ.”

ಅವಳ ಮುಖ ಸಣ್ಣದಾಯಿತು. “ಗೋಡೆ ಸಿಕ್ಕ ಹಾಗೆ? ಅದು ಹಾಗಾಗಬಾರದಲ್ಲ. ಕೊನೇಲಿ ಅದು ಮೆತ್ತಗೆ ಬಿಟ್ಟುಕೊಡಬೇಕು.”

“ಅಯ್ಯೋ ಬಿಡಮ್ಮ, ಒಗ್ಗಿಹೋಗುತ್ತೆ.”

“ಎಲ್ಲಾ ಸಲವೂ ಹಾಗೇನಾ?”

“ಎಲ್ಲಾ ಸಲವೂ,” ಎಂದು ಇನ್ನೊಂದು ಹೋಳು ಮೂಲಂಗಿ ಬಾಯಿಗೆ ಹಾಕಿಕೊಂಡೆ. ಗೋಡೆ ಇದ್ದದ್ದು ನಿಜ. ಅದು ನನ್ನ ಭುಜದಲ್ಲಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅದನ್ನೇ ಬಲು ವಿನಯದಿಂದ, ಚಹಾ ಕುಡಿಯುತ್ತಾ ಹೇಳಿದೆ.

ಏಪ್ರಿಲ್ ಬಂತು. ಯುದ್ಧಕ್ಕೆ ಒಂದು ವಾರ ಮುಂಚೆ ದೇವಸ್ಥಾನದ ಬಯಲಿನಲ್ಲಿ ಕವಚ ತೊಟ್ಟು ಅಭ್ಯಾಸ. ಅವತ್ತೇ ಗೆನ್‌ಪಾಚಿಯವರು ಬಂದು ಬಿಲ್ಲು ನೋಡುವುದೆಂದು ಮಾತಾಗಿತ್ತು. ಶಿನೊ ಬೆಳಿಗ್ಗೆಯಿಂದ ಬಯಲಿನ ಅಂಚಿನಲ್ಲಿ ನಿಂತಿದ್ದಳು, ತಿಂಡಿ ತಿಂದಿರಲಿಲ್ಲ.

ಕವಚ ಹಾಕಿ ಬಿಲ್ಲು ಹಿಡಿಯುವುದು ಬೇರೆಯೇ ಪಾಡು. ಎಡಭುಜದ ಹಲಗೆ ಹೆದೆಗೆ ಅಡ್ಡ ಬರುತ್ತದೆ, ಶಿರಸ್ತ್ರಾಣಕ್ಕೆ ಕಿವಿಯ ಹತ್ತಿರ ಹಿಂದಕ್ಕೆ ಮಡಿಸಿದ ರೆಕ್ಕೆಗಳಿರುತ್ತವೆ. ತಲೆ ನೆಟ್ಟಗಿಟ್ಟುಕೊಂಡರೆ ಹೆದೆ ರೆಕ್ಕೆಯನ್ನು ತಪ್ಪಿಸಿಕೊಂಡು ಹೋಗುತ್ತದೆ. ನಾನು ಮೂತಿ ಮುಂದೆ ಚಾಚುವವನು. “ಬಿಡಿ!” ಎಂದು ಕೂಗಿದಾಗ ಹೆದೆ ಆ ರೆಕ್ಕೆಗೆ ಸಿಕ್ಕಿ, ಶಿರಸ್ತ್ರಾಣ ಗರಗರ ತಿರುಗಿ, ಹಿಂಭಾಗ ಮುಖದ ಮೇಲೆ ಬಂತು. ಕತ್ತಲಾಯಿತು. ಬಾಣ ಎಲ್ಲಿಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ಜನ ಹೋ ಎಂದು ಕಿರುಚಿದ ಮೇಲೆ ತಿಳಿಯಿತು, ನಮ್ಮದೇ ಕಡೆಯ ಬಾವುಟಕ್ಕೆ ತೂತು ಬಿದ್ದಿತ್ತು.

“ಲೋ, ಶತ್ರು ಆ ಕಡೆ!” ಎಂದ ಕುನಿಮಾತ್ಸು.

ನಾನು ಶಿರಸ್ತ್ರಾಣದೊಳಗಿಂದಲೇ, “ಬಿಲ್ಲು ಭಾರೀ ಬಲ ಕಣೋ, ತಡೆಯೋದು ಕಷ್ಟ,” ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅಷ್ಟರಲ್ಲಿ ಗೆನ್‌ಪಾಚಿಯವರು ಕೋಲೂರಿಕೊಂಡು ಬಂದರು. ಯಾರೋ ಹಾಸಿದ ಚಾಪೆಯ ಮೇಲೆ ಕೂತರು. ಬಿಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಅಂಗೈ ಸವರಿದರು. ಮತ್ತೊಮ್ಮೆ ಸವರಿದರು. ನೆಲಕ್ಕೆ ಊರಿ ಒತ್ತಿದರು. ಬಿಲ್ಲಿನ ಸಾಲಿನವರೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದೆವು.

“ನಡು ಬಗ್ಗಿದೆ,” ಎಂದರು. “ತುದಿ ಎರಡೂ ಮಲಗಿವೆ. ಚಳಿಗಾಲ ಪೂರ್ತಿ ಎಳೆದ ಮೇಲೂ ಎದ್ದಿಲ್ಲ ಅಂದ್ರೆ ಕಾಯಿಸೋವಾಗ ಒಳಗಿನ ಬಿದಿರು ಜಾಸ್ತಿ ಸುಟ್ಟಿದೆ. ಬೆಂಕಿ ನಿನ್ನ ಕೈಗೆ ಬಂದಿಲ್ಲ ಶಿನೊ.” ಬಿಲ್ಲನ್ನು ಚಾಪೆಯ ಮೇಲೆ ಇಟ್ಟರು. “ಮುದ್ರೆ ಬೇಡ.”

ಶಿನೊ ಚಾಪೆಯ ಅಂಚಿನಲ್ಲಿ ಕೂತು ತಲೆಬಾಗಿಸಿದಳು. “ಹೌದಪ್ಪ. ಇಸಾಕು-ಸಾನ್ ಜನವರೀಲೇ ಹೇಳಿದ್ರು, ಕೊನೇಲಿ ಗೋಡೆ ಸಿಕ್ಕ ಹಾಗಾಗುತ್ತೆ ಅಂತ. ಅದನ್ನ ಕೇಳಿ ಉಳಿದ ಎರಡು ಬಿಲ್ಲನ್ನಾದ್ರೂ ಸರಿ ಮಾಡೋಣ ಅಂತ ಹೆರೆದೆ. ಹೆರೆದೂ ಹೆರೆದೂ ಅವೂ ಸೋತು ಹೋದವು. ನನ್ನ ಕೈಯೇ ಸರಿ ಇಲ್ಲ.”

ಎರಡು ಬಿಲ್ಲು ಹೆರೆದದ್ದು ನನಗೆ ಗೊತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಮಾತಿಗೆ ಹೇಳುತ್ತೇವೆ. ಇಲ್ಲಿ ಎತ್ತು ನಾನು, ಕಣ್ಣೆದುರೇ ಬರೆ ಬೀಳುತ್ತಿತ್ತು. ಆದರೂ ಹೇಳುತ್ತೇನೆ ಕೇಳಿ, ನಾನು ಸುಮ್ಮನೆ ನಿಂತಿದ್ದೆ. ಯಾರಿಗೂ ನನ್ನ ಮೇಲೆ ಅನುಮಾನವೇ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇಪ್ಪತ್ತು ಕಿಲೋ ಎಳೆದ ಇಸಾಕು ಎಂದೇ ಸಾಯಬಹುದಿತ್ತು. ಬಾಯಿ ಮುಚ್ಚಿಕೊಳ್ಳಲು ನಾನು ತಯಾರಿದ್ದೆ.

ಆಗ ಶಿನೊ ನನ್ನ ಕಡೆ ತಿರುಗಿ, ಎರಡೂ ಅಂಗೈ ನೆಲಕ್ಕೂರಿ ಹಣೆ ತಾಗುವಷ್ಟು ಬಗ್ಗಿದಳು.

“ಇಸಾಕು-ಸಾನ್, ಇಂಥ ಕೆಟ್ಟ ಬಿಲ್ಲು ಕೊಟ್ಟು ನಿಮ್ಮ ಚಳಿಗಾಲಾನೆಲ್ಲ ಹಾಳು ಮಾಡಿದೆ. ನಿಮ್ಮ ಭುಜಾನೂ ನೋಯ್ತಿದೆ ಅಂತ ನಾತ್ಸುಕೊ-ಸಾನ್ ಹೇಳಿದ್ರು. ಕ್ಷಮಿಸಿಬಿಡಿ.”

ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಬತ್ತಳಿಕೆಯಿಂದ ಒಂದು ಬಾಣ ತೆಗೆದೆ. ಬಾಣದ ಅಳತೆ ನೋಡುವುದು ಹೇಗೆಂದು ನಮ್ಮೂರ ಮಕ್ಕಳಿಗೂ ಗೊತ್ತು: ಒಂದು ತುದಿ ಗಂಟಲ ಕುಳಿಗೆ ಇಟ್ಟು ಎಡಗೈ ಚಾಚಿದರೆ, ಇನ್ನೊಂದು ತುದಿ ಬೆರಳು ದಾಟಿ ಆಚೆ ಹೋಗಬೇಕು. ನಾನು ಬಾಣವನ್ನು ಗಂಟಲಿಗೆ ಇಟ್ಟು ಕೈ ಚಾಚಿದೆ. ಮೊನೆ ಅಂಗೈ ನಡುವೆಯೇ ನಿಂತಿತು.

ಕುನಿಮಾತ್ಸು ನನ್ನ ಬತ್ತಳಿಕೆಯಿಂದ ಇನ್ನೊಂದು ಬಾಣ ತೆಗೆದು ನೋಡಿದ. ಮತ್ತೊಂದು ತೆಗೆದ. “ಲೋ ಇಸಾಕು,” ಎಂದ ಮೆಲ್ಲಗೆ, “ಕತ್ತರಿಸಿದೀಯೇನೋ?”

“ಬಿಲ್ಲಿನದು ತಪ್ಪಿಲ್ಲ,” ಎಂದೆ. “ನಾನು ಒಂದು ಸಲಾನೂ ಪೂರ್ತಿ ಎಳೆದಿಲ್ಲ. ಗದ್ದದವರೆಗೆ ಅಷ್ಟೇ. ಗೋಡೆ ಬಿಲ್ಲಿನಲ್ಲಿ ಇರಲಿಲ್ಲ ಶಿನೊ, ನನ್ನಲ್ಲಿತ್ತು.”

ಶಿನೊ ನಿಧಾನವಾಗಿ ತಲೆಯೆತ್ತಿದಳು. “ನಿಮಗೆ ಇಪ್ಪತ್ತು ಎಳೆಯೋಕೆ ಬರಲ್ವಾ?”

“ಇಲ್ಲ.”

“ಹದಿನಾರು?”

“...ಹದಿಮೂರು,” ಎಂದೆ.

“ಇಸಾಕು-ಸಾನ್.”

“ಹನ್ನೆರಡು.”

ಅವಳು ಕಾದಳು. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

“ಹತ್ತೂವರೆ,” ಎಂದೆ. “ಅದೂ ಪಟ್ಟಿ ಅಂಟಿಸಿಕೊಂಡ ದಿನ.”

ಬಯಲು ಬಿರಿಯುವ ಹಾಗೆ ನಗು ಎದ್ದಿತು. ಕಹಳೆ ಊದುವವರು, ಕುದುರೆ ಹಿಡಿದವರು, ಬುತ್ತಿ ಹಂಚುವ ಹೆಂಗಸರು, ಎಲ್ಲರೂ ನಕ್ಕರು. ಸಾಲಿನ ಕೊನೆಯಿಂದ ಯಾರೋ, “ನಿಜ ಹೇಳ್ಬೇಕು ಅಂದ್ರೆ ನಂದೂ ಹದಿನೈದಲ್ಲ, ಹನ್ನೆರಡು,” ಎಂದರು. ಇನ್ನೊಬ್ಬ, “ನಂದು ಹನ್ನೊಂದು,” ಎಂದ. ಎರಡು ನಿಮಿಷದಲ್ಲಿ ನಮ್ಮ ಸೈನ್ಯದಿಂದ ಐವತ್ತು ಕಿಲೋ ಇಳಿದು ಹೋಯಿತು. ಹೀಗಿದ್ದರೆ ಯುದ್ಧ ಸೋಲದೆ ಇನ್ನೇನು.

“ನಗಬೇಡಿ!” ಎಂದಳು ಶಿನೊ. ಅವಳು ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಗು ನಿಂತುಹೋಯಿತು. “ಮೂರು ತಿಂಗಳು! ಮೂರು ತಿಂಗಳಿಂದ ಬೆಳಿಗ್ಗೆ ಎದ್ದು ಚಾಕು ಮುಟ್ಟೋಕೆ ನನಗೆ ಹೆದರಿಕೆ ಆಗ್ತಿತ್ತು. ಹದಿನಾರು ವರ್ಷದಿಂದ ಕಲಿತಿದ್ದೆಲ್ಲ ಸುಳ್ಳು ಅನ್ನಿಸ್ತಿತ್ತು. ನೀವು ಪ್ರತಿ ಭಾನುವಾರ ನನ್ನ ಎದುರು ಕೂತು, ಮೂಲಂಗಿ ತಿಂದು, ಗೋಡೆ ಗೋಡೆ ಅಂತ ಹೇಳಿ ಎದ್ದು ಹೋಗ್ತಿದ್ರಿ. ಎಷ್ಟು ಕಿಲೋ ಅಂತ ನಾನು ಕೇಳಿದ್ದು ಹೊಗಳೋಕಲ್ಲ, ಇಸಾಕು-ಸಾನ್. ನಿಮಗೆ ಬಿಲ್ಲು ಮಾಡೋಕೆ.”

ನಾನು ಮಂಡಿಯೂರಿ, ಕವಚ ಸಮೇತ ನೆಲಕ್ಕೆ ಬಗ್ಗಿದೆ. ಕವಚದ ಭಾರಕ್ಕೆ ಮತ್ತೆ ಏಳಲಾಗಲಿಲ್ಲ. ಎಬ್ಬಿಸಲು ಯಾರೂ ಬರಲಿಲ್ಲ, ಬರಬಾರದಿತ್ತು ಕೂಡ. ಹಣೆ ಮಣ್ಣಿಗೆ ತಾಗಿಸಿಕೊಂಡು ಹಾಗೇ ಬಿದ್ದಿದ್ದೆ. ಅಷ್ಟು ನಾಚಿಕೆ ನನ್ನ ಜೀವಮಾನದಲ್ಲಿ ಆಗಿರಲಿಲ್ಲ.

ತಲೆಯ ಮೇಲೆ ಗೆನ್‌ಪಾಚಿಯವರ ದನಿ ಕೇಳಿಸಿತು. “ಬಿಲ್ಲು ಇಲ್ಲಿ ಕೊಡಿ.”

ಮತ್ತೆ ಅಂಗೈ ಸವರುವ ಸದ್ದು. ಬಿಲ್ಲನ್ನು ಕಣ್ಣಿಗೆ ಹಿಡಿದು ಹೆದೆಯ ಉದ್ದಕ್ಕೂ ನೋಡಿದರು ಎಂದು ಕುನಿಮಾತ್ಸು ಆಮೇಲೆ ನನಗೆ ಹೇಳಿದ. “ಈ ಕತ್ತೆ ಆರು ತಿಂಗಳು ಇದರ ಜತೆ ಮೂತಿ ಚಾಚಿ ಕುಸ್ತಿ ಆಡಿದಾನೆ,” ಎಂದರು ಮುದುಕ. “ಎಡಕ್ಕೆ ಎಳೆದಿದಾನೆ, ಬಲಕ್ಕೆ ತಿರುಚಿದಾನೆ. ಬಿಲ್ಲು ಒಂದು ಕೂದಲೆಳೆ ಸೊಟ್ಟ ಹೋಗಿಲ್ಲ. ನನ್ನ ಬಿಲ್ಲಾಗಿದ್ರೆ ಜನವರೀಲೇ ತಿರುಗಿ ಬೀಳ್ತಿತ್ತು.” ಬಿಲ್ಲನ್ನು ಮುಂದೆ ಚಾಚಿದರು. “ಕುನಿಮಾತ್ಸು, ನಿನ್ನ ಬಾಣ ಹೂಡು. ಪೂರ್ತಿ ಎಳಿ. ನಿಧಾನ.”

ನಾನು ಕತ್ತು ಹೊರಳಿಸಿ ನೋಡಿದೆ. ಕುನಿಮಾತ್ಸುವಿನ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಬಲಗೈ ಗದ್ದ ದಾಟಿತು, ಕೆನ್ನೆ ದಾಟಿತು. ಕಿವಿಯ ಹಿಂದಕ್ಕೆ ಹೋಗುತ್ತಿದ್ದ ಹಾಗೆ ಬಿಲ್ಲಿನ ಎರಡೂ ತುದಿಗಳು ಮೆಲ್ಲಗೆ ಬಿಚ್ಚಿಕೊಂಡವು. ಗೋಡೆಯೂ ಇಲ್ಲ, ಗೀಡೆಯೂ ಇಲ್ಲ. ಅಷ್ಟು ಚೆಂದದ ವಸ್ತುವನ್ನು ಆರು ತಿಂಗಳು ಕೈಯಲ್ಲಿ ಇಟ್ಟುಕೊಂಡು ನಾನು ನೋಡೇ ಇರಲಿಲ್ಲ.

“ಸಾಕು, ಇಳಿಸು,” ಎಂದರು ಮುದುಕ. “ಶಿನೊ, ಮನೆಗೆ ಹೋಗಿ ಕಬ್ಬಿಣ ಕಾಯಿಸು. ನೀನೇ ಒತ್ತು.”

ಶಿನೊ ಅತ್ತಳು. ಮುದುಕ ಎಲ್ಲರನ್ನೂ ಬೈದರು, ಬಿಸಿಲು ಜಾಸ್ತಿ ಎಂದರು, ಕಣ್ಣು ಒರೆಸಿಕೊಂಡರು.

ಮುಂದಿನ ಭಾನುವಾರದ ಯುದ್ಧದಲ್ಲಿ ಆ ಬಿಲ್ಲು ಕುನಿಮಾತ್ಸುವಿನ ಕೈಯಲ್ಲಿತ್ತು. ಕೆಳತುದಿಯಲ್ಲಿ ಮುದ್ರೆ ಇನ್ನೂ ಹೊಸದಾಗಿ ಕಪ್ಪಗಿತ್ತು. ನನ್ನನ್ನು ಬಿಲ್ಲಿನ ಸಾಲಿನಿಂದ ತೆಗೆದು ಬಾವುಟ ಹಿಡಿಯಲು ಹಾಕಿದರು. ನಾನೇ ತೂತು ಮಾಡಿದ ಬಾವುಟ. ಗಾಳಿ ಬಂದಾಗಲೆಲ್ಲ ಆ ತೂತಿನಿಂದ ಸಿಳ್ಳೆಯ ಸದ್ದು ಬರುತ್ತಿತ್ತು. ಪ್ರೇಕ್ಷಕರ ಸಾಲಿನಿಂದ ನಾತ್ಸುಕೊ ನನ್ನನ್ನು ನೋಡಿ ಬಾಯಿಗೆ ಸೆರಗಿನಂತೆ ಕರವಸ್ತ್ರ ಹಿಡಿದು ನಗುತ್ತಿದ್ದಳು. ನಾವು ಸೋತೆವು.

ಎರಡು ವಾರ ಧೈರ್ಯ ಸಾಲಲಿಲ್ಲ. ಮೂರನೇ ವಾರ ಶಿನೊಳ ಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಅವಳು ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಗೋಡೆಗೆ ಒರಗಿಸಿದ್ದ ಎರಡು ಬಿಲ್ಲುಗಳಲ್ಲಿ ಒಂದನ್ನು ತೆಗೆದು ಹೆದೆಯೇರಿಸಿದಳು.

“ನಿಮ್ಮ ಮಾತು ಕೇಳಿ ಹೆರೆದಿದ್ದು ಇದು,” ಎಂದಳು. “ಹದಿನಾರಕ್ಕೆ ಕಟ್ಟಿದ್ದೆ. ಹೆರೆದೂ ಹೆರೆದೂ ಹತ್ತೂವರೆಗೆ ಬಂದಿದೆ. ಇದಕ್ಕೆ ನಾನು ಮುದ್ರೆ ಹಾಕಲ್ಲ. ಎಳೀರಿ.”

ಎಳೆದೆ. ಕೈ ಗದ್ದಕ್ಕೆ ಬಂತು. ಅಲ್ಲಿ ನಿಲ್ಲುವುದು ಅಭ್ಯಾಸವಾಗಿ ಹೋಗಿತ್ತು, ನಿಂತೆ. “ಮುಂದಕ್ಕೆ,” ಎಂದಳು. ಕೈ ಕೆನ್ನೆ ದಾಟಿತು, ಕಿವಿ ದಾಟಿತು, ಹಿಂದೆ ಹೋಗಿ ನೆಮ್ಮದಿಯಾಗಿ ನಿಂತಿತು. ಎದೆ ತೆರೆದುಕೊಂಡಿತು. ಎಷ್ಟೋ ವರ್ಷದಿಂದ ಹೀಗೆ ಎಳೆದಿರಲಿಲ್ಲ. ನನಗೆ ಸಂತೋಷವಾಯಿತು, ಸಂತೋಷಪಡುವ ಯೋಗ್ಯತೆ ಇಲ್ಲದಿದ್ದರೂ ಆಯಿತು. ನಿಧಾನವಾಗಿ ಇಳಿಸಿದೆ.

“ಹೇಗಿದೆ?” ಎಂದಳು.

‘ತುಂಬಾ ಚೆನ್ನಾಗಿದೆ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇನ್ನೊಂದು ಸಲ ಎಳೆದು ನೋಡಿದೆ.

“ಬಿಲ್ಲಿನ ಕೆಳಭಾಗ ಮೇಲಿನದಕ್ಕಿಂತ ಗಟ್ಟಿ ಇದೆ,” ಎಂದೆ. “ಕೊನೇಲಿ ಮುಷ್ಟಿ ಅಲುಗುತ್ತೆ. ಸ್ವಲ್ಪವೇ.”

ಅವಳು ಬಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಣ್ಣು ಮುಚ್ಚಿ ತಾನೇ ಪೂರ್ತಿ ಎಳೆದಳು. ಇಳಿಸಿ, ಮತ್ತೊಮ್ಮೆ ಎಳೆದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ನಿಂತಿದ್ದೆ.

“ಹೌದು,” ಎಂದಳು. ಹೆದೆ ಬಿಚ್ಚಿ, ಬಿಲ್ಲನ್ನು ಮಣೆಯ ಮೇಲೆ ಅಡ್ಡ ಇಟ್ಟು, ಚಾಕು ತೆಗೆದುಕೊಂಡಳು. “ಅಲ್ಲಿ ಕೂತ್ಕೊಳ್ಳಿ. ಹೆರೆದ ಮೇಲೆ ಮತ್ತೆ ಎಳೆದು ಹೇಳ್ಬೇಕು.”